ಇಂಗ್ಲಿಷ್ ಪೇಪರಿನ ದಿನ

ಮಾಕಳಿಯ ಲಕ್ಷ್ಮಣಪ್ಪ ಮೇಷ್ಟ್ರ ಹತ್ತಿರ ಇಂಗ್ಲಿಷ್ ಕಲಿತು ಎಸ್ಸೆಸ್ಸೆಲ್ಸಿ ದಾಟಿದವರು ಪೀಣ್ಯದ ಒಂದೊಂದು ಕಾರ್ಖಾನೆಯಲ್ಲೂ ಒಬ್ಬಿಬ್ಬರಾದರೂ ಸಿಗುತ್ತಿದ್ದರು. ತುಮಕೂರು ರಸ್ತೆಯಲ್ಲಿ ಅವನು ಬಸ್ಸಿಗೆ ನಿಂತಿದ್ದರೆ ಸೈಕಲ್ಲಿನಿಂದ ಇಳಿದು ನಮಸ್ಕಾರ ಹೇಳದೆ ಅವರು ಮುಂದೆ ಹೋಗುತ್ತಿರಲಿಲ್ಲ. ಅವನ ಸ್ವಂತ ತಂಗಿ ನಾಗಲಕ್ಷ್ಮಿ ಮಾತ್ರ ಇಂಗ್ಲಿಷ್ ಒಂದರಲ್ಲೇ ಫೇಲಾಗಿ ಹತ್ತು ವರ್ಷದಿಂದ ಮನೆಯಲ್ಲಿದ್ದಳು.

ಅವಳು ಫೇಲಾದದ್ದು ಎಪ್ಪತ್ತನಾಲ್ಕರಲ್ಲಿ. ಅಕ್ಟೋಬರಿಗೆ ಮತ್ತೆ ಕಟ್ಟಿದರಾಯಿತು ಎಂದುಕೊಂಡಿರುವಾಗಲೇ ಅಪ್ಪ ಹನುಮಯ್ಯ ಹೊಲದ ಬದುವಿನ ಮೇಲೆ ಕುಸಿದುಬಿದ್ದ. ಬಲಗಡೆಯ ಕೈಕಾಲು ಮತ್ತೆ ಏಳಲಿಲ್ಲ. ಲಕ್ಷ್ಮಣಪ್ಪ ಆಗ ಪಟ್ಟಣದಲ್ಲಿ ಬಿ.ಎಡ್. ಓದುತ್ತಿದ್ದ. ತಾಯಿ ಪಿಳ್ಳಮ್ಮನಿಗೆ ಹೊಲ, ದನ ನೋಡಿದರೆ ಹೊತ್ತು ಮುಗಿದುಹೋಗುತ್ತಿತ್ತು. ಅಪ್ಪನನ್ನು ಎತ್ತಿ ಕೂರಿಸುವುದು, ಉಣ್ಣಿಸುವುದು, ಬಟ್ಟೆ ಬದಲಿಸುವುದು ಎಲ್ಲ ಹದಿನೇಳು ವರ್ಷದ ಹುಡುಗಿಯ ಪಾಲಿಗೆ ಬಂತು. ಎಂಟು ವರ್ಷ ಅವಳು ಅದನ್ನು ಮಾಡಿದಳು. ನಡುವೆ ಬಂದ ಎರಡು ಮೂರು ಸಂಬಂಧಗಳನ್ನು, ಅವಳು ಹೋದರೆ ಮುದುಕನ ಗತಿಯೇನು ಎಂದು, ಮನೆಯವರೇ ಮುಂದಕ್ಕೆ ತಳ್ಳಿದ್ದರು. ಹನುಮಯ್ಯ ತೀರಿಕೊಂಡಾಗ ನಾಗಲಕ್ಷ್ಮಿಗೆ ಇಪ್ಪತ್ತೈದು. ಕೇಳಿ ಬರುವವರು ಆಗಲೇ ಕಡಿಮೆಯಾಗಿದ್ದರು.

ಈ ವರ್ಷ ಸಂಕ್ರಾಂತಿಗೆ ಮುಂಚೆ ಪಕ್ಕದ ಮನೆಯ ಅನುಸೂಯಮ್ಮ ಒಂದು ಸುದ್ದಿ ತಂದಳು. ಅವಳು ಪೀಣ್ಯದಲ್ಲಿ ಟ್ರಾನ್ಸ್‌ಫಾರ್ಮರಿಗೆ ತಂತಿ ಸುತ್ತುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ಜುಲೈಗೆ ಹೊಸ ಷೆಡ್ಡು ಶುರುವಾಗುತ್ತದೆ, ನಲವತ್ತು ಜನ ಹೆಂಗಸರನ್ನು ತೆಗೆದುಕೊಳ್ಳುತ್ತಾರೆ, ಆದರೆ ಈ ಸಲ ಎಸ್ಸೆಸ್ಸೆಲ್ಸಿ ಪಾಸಾದವರೇ ಬೇಕಂತೆ ಎಂದಳು. ಅಂದು ಅಣ್ಣನಿಗೆ ಮುದ್ದೆ ಬಡಿಸುತ್ತ ನಾಗಲಕ್ಷ್ಮಿ ವಿಷಯ ತೆಗೆದಳು.

ಲಕ್ಷ್ಮಣಪ್ಪನಿಗೆ ನಿಜವಾಗಿ ಖುಷಿಯಾಯಿತು. "ಒಂದೇ ಸಬ್ಜೆಕ್ಟು ಕಣಮ್ಮ. ದಿನಾ ಒಂದು ಗಂಟೆ ಕೂತ್ರೆ ಸಾಕು. ನಾನಿದ್ದೀನಲ್ಲ" ಎಂದ.

ಮಾರನೆಯ ದಿನವೇ ಅರ್ಜಿ ತಂದು, ತಾನೇ ತುಂಬಿ, ಅವಳ ಕೈಯಲ್ಲಿ ಸಹಿ ಹಾಕಿಸಿ ಕಳಿಸಿದ.

ಪಿಳ್ಳಮ್ಮನಿಗೆ ಇದು ಸರಿಬೀಳಲಿಲ್ಲ. ಅರವತ್ತೈದು ದಾಟಿದ ಅವಳಿಗೆ ಬೆಳಿಗ್ಗೆ ಎದ್ದು ನಿಲ್ಲುವುದಕ್ಕೇ ಗೋಡೆ ಬೇಕಾಗಿತ್ತು. ತಾನು ಸತ್ತ ಮೇಲೆ ಮಗಳು ಅಣ್ಣ ಅತ್ತಿಗೆಯರ ಮನೆಯಲ್ಲಿ ಹಿಟ್ಟು ತೊಳಸಿಕೊಂಡು ಮುದುಕಿಯಾಗುತ್ತಾಳೆ ಎಂಬ ಒಂದೇ ಯೋಚನೆ ಅವಳನ್ನು ತಿನ್ನುತ್ತಿತ್ತು. ಕಾರ್ಖಾನೆಗೆ ಹೋಗುವ ಹುಡುಗಿಯನ್ನು ಯಾರು ಕೇಳುತ್ತಾರೆ ಎಂದು ಮಗನೊಡನೆ ವಾದ ಮಾಡಿದಳು. ಕೊನೆಗೆ, ಪರೀಕ್ಷೆ ಬರೆಯಲಿ, ಪಾಸಾದರೆ ಕೆಲಸಕ್ಕೆ ಹೋಗಲಿ, ಇಲ್ಲದಿದ್ದರೆ ನೀನು ಹೇಳಿದಂತೆ ಆಗಲಿ ಎಂದು ಲಕ್ಷ್ಮಣಪ್ಪ ಮಾತು ಮುಗಿಸಿದ.

ಮೊದಲ ವಾರ ಪಾಠ ನಡೆಯಿತು. ಸಂಜೆ ದೀಪ ಹಚ್ಚಿದ ಮೇಲೆ ನಡುಮನೆಯಲ್ಲಿ ಚಾಪೆ ಹಾಸಿ ಅಣ್ಣ ತಂಗಿ ಕೂರುತ್ತಿದ್ದರು. ಮುದ್ದೆ ತೊಳಸುವುದು ನಾಗಲಕ್ಷ್ಮಿಯ ಕೆಲಸವಾಗಿತ್ತು. ಲಕ್ಷ್ಮಣಪ್ಪನ ಹೆಂಡತಿ ಭಾಗ್ಯಮ್ಮ ಯಾರೂ ಹೇಳದೆಯೇ ಕೋಲನ್ನು ತನ್ನ ಕೈಗೆ ತೆಗೆದುಕೊಂಡಳು. ತನ್ನ ಇಬ್ಬರು ಮಕ್ಕಳನ್ನೂ ಗದ್ದಲ ಮಾಡದಂತೆ ಹಿತ್ತಲಿಗೆ ಕಳಿಸುತ್ತಿದ್ದಳು. ನಾಗಲಕ್ಷ್ಮಿಗೆ ಓದಲು ಬರುತ್ತಿತ್ತು. ಪದದ ಅರ್ಥವೂ ಬೇಗ ಹತ್ತುತ್ತಿತ್ತು. ಎಡವುತ್ತಿದ್ದದ್ದು ವಾಕ್ಯ ಕಟ್ಟುವಾಗ. "ನೀನು ಕನ್ನಡದಲ್ಲಿ ಯೋಚನೆ ಮಾಡಿ ಬರೀತೀಯ, ಅದಕ್ಕೇ ಕ್ರಿಯಾಪದ ಕೊನೆಗೆ ಹೋಗಿ ಕೂತ್ಕೊಳ್ಳುತ್ತೆ" ಎಂದು ಅಣ್ಣ ನಕ್ಕರೆ ಅವಳೂ ನಗುತ್ತಿದ್ದಳು. ಅವಳು ಹಾಗೆ ನಕ್ಕು ಎಷ್ಟೋ ವರ್ಷವಾಗಿತ್ತೆಂದು ಭಾಗ್ಯಮ್ಮನಿಗೆ ಒಲೆಯ ಮುಂದೆ ಕೂತಿದ್ದಾಗ ಅನ್ನಿಸಿತು.

ಫೆಬ್ರವರಿ ಬಂತು. ರಜೆ ಹತ್ತಿರವಾದಂತೆ ಲಕ್ಷ್ಮಣಪ್ಪನಿಗೆ ಹೈಸ್ಕೂಲಿನಲ್ಲಿ ಕೆಲಸ ಒಂದರ ಮೇಲೊಂದು ಬಿತ್ತು. ಹತ್ತನೇ ತರಗತಿಯವರಿಗೆ ಬೆಳಿಗ್ಗೆ ಎಂಟಕ್ಕೆ ಸ್ಪೆಷಲ್ ಕ್ಲಾಸು, ಸಂಜೆ ಇನ್ನೊಂದು. ಹೋದ ವರ್ಷ ಇಂಗ್ಲಿಷಿನಲ್ಲಿ ಹೆಚ್ಚು ಮಕ್ಕಳು ಬಿದ್ದಿದ್ದರೆಂದು ಹೆಡ್ಮಾಸ್ಟರು ಸ್ಟಾಫ್ ರೂಮಿನಲ್ಲಿ ಎಲ್ಲರೆದುರಿಗೆ ಅವನ ಹೆಸರು ಹಿಡಿದು ಹೇಳಿದ್ದರು. ಎಂಟು, ಒಂಬತ್ತನೇ ತರಗತಿಗಳ ವಾರ್ಷಿಕ ಪರೀಕ್ಷೆಗೆ ಪ್ರಶ್ನೆಪತ್ರಿಕೆ ತಯಾರಿಸಬೇಕಿತ್ತು. ಸ್ಟೆನ್ಸಿಲ್ ಕೊರೆದು ಸೈಕ್ಲೋಸ್ಟೈಲ್ ಯಂತ್ರದಲ್ಲಿ ಪ್ರತಿ ತೆಗೆಸುವುದಕ್ಕೆ ಯಶವಂತಪುರಕ್ಕೆ ಎರಡು ಸಲ ಓಡಿದ. ಸ್ಕೂಲ್ ಡೇ ದಿನ ಮಕ್ಕಳು ಆಡುವ ಇಂಗ್ಲಿಷ್ ನಾಟಕವೂ ಅವನ ತಲೆಗೇ ಬಿತ್ತು. ಮನೆಗೆ ಬರುವಾಗ ಗಂಟಲು ಕಟ್ಟಿರುತ್ತಿತ್ತು. ಊಟಕ್ಕೆ ಕೂತರೆ ಎಡಗೈಯಲ್ಲಿ ಯಾವುದೋ ಪಟ್ಟಿ ಇರುತ್ತಿತ್ತು.

ನಾಗಲಕ್ಷ್ಮಿ ಪಾತ್ರೆ ತೊಳೆದು, ಕೈ ಒರೆಸಿಕೊಂಡು, ಪುಸ್ತಕ ಹಿಡಿದು ನಡುಮನೆಯ ಕಂಬಕ್ಕೆ ಒರಗಿ ಕೂರುತ್ತಿದ್ದಳು. ಕೇಳುತ್ತಿರಲಿಲ್ಲ. ಅವನೇ ತಲೆಯೆತ್ತಿ ನೋಡಿದಾಗ ಹೇಳುತ್ತಿದ್ದ: ಇವತ್ತೊಂದು ದಿನ ಬಿಡಮ್ಮ, ನಾಳೆ ಕೂರೋಣ. ನಾಟಕ ಮುಗಿಯಲಿ. ಈ ಪೇಪರಿನ ಕಟ್ಟು ಮುಗಿಯಲಿ. ಅವಳು ಆಗಲಿ ಅಣ್ಣ ಎಂದು ಒಬ್ಬಳೇ ಓದಿಕೊಳ್ಳುತ್ತಿದ್ದಳು. ತಿಳಿಯದ ಕಡೆ ಪೆನ್ಸಿಲಿನಲ್ಲಿ ಗೀಟು ಹಾಕಿಟ್ಟಳು. ಮಾರ್ಚ್ ನಡುವಿನ ಹೊತ್ತಿಗೆ ಪುಸ್ತಕದ ಪುಟ ಪುಟದಲ್ಲೂ ಗೀಟುಗಳಿದ್ದವು.

ಒಂದು ಭಾನುವಾರ ಬೆಳಿಗ್ಗೆ ಭಾಗ್ಯಮ್ಮ ಅವನೆದುರು ಕಾಫಿ ಲೋಟ ಇಟ್ಟು ಅಲ್ಲೇ ನಿಂತಳು.

"ಊರ ಮಕ್ಕಳಿಗೆಲ್ಲ ಬೆಳಿಗ್ಗೆ ಸಂಜೆ ಹೇಳಿಕೊಡ್ತೀರ. ಇವಳು ಒಂದೂವರೆ ತಿಂಗಳಿಂದ ಕಂಬಕ್ಕೆ ಒರಗಿ ಕೂತವಳೆ."

"ಅವರು ಹಳ್ಳಿ ಮಕ್ಕಳು ಕಣೇ, ಬಿಟ್ಟರೆ ಬಿದ್ದುಹೋಗ್ತಾರೆ."

"ಇವಳು ಯಾವ ಊರವಳು?"

ಅವನು ಸಿಟ್ಟಾದ. ತನಗೇನು ಎರಡು ತಲೆಯೇ, ಇನ್ನೂರ ನಲವತ್ತು ಪೇಪರಿದೆ, ಏಪ್ರಿಲ್ ಹತ್ತನೇ ತಾರೀಕು ರಿಸಲ್ಟು ಹಾಕಬೇಕು, ಅಷ್ಟಾದರೆ ರಜೆ ಎಂದು ಕೂಗಾಡಿದ. ರಜೆ ಶುರುವಾಗುವುದಕ್ಕೆ ಮುಂಚೆಯೇ ಅವಳ ಪರೀಕ್ಷೆ ಮುಗಿದಿರುತ್ತದೆ ಎಂದು ಭಾಗ್ಯಮ್ಮ ಹೇಳಿ ಒಳಗೆ ಹೋದಳು. ಆ ದಿನ ಸಂಜೆ ಅವನು ಕಟ್ಟು ಪಕ್ಕಕ್ಕಿಟ್ಟು ತಂಗಿಯನ್ನು ಕರೆದು ಎರಡು ಗಂಟೆ ಕೂತ. ರಜೆ ಕೇಳಿ ಪತ್ರ ಬರೆಯುವುದು, ಉದ್ಯೋಗಕ್ಕೆ ಅರ್ಜಿ ಬರೆಯುವುದು ಎರಡನ್ನೂ ಬಾಯಿಪಾಠ ಆಗುವವರೆಗೆ ಬರೆಸಿದ. ಮಾರನೆಯ ದಿನವೂ ಕೂತ. ಮೂರನೆಯ ದಿನ ಉತ್ತರಪತ್ರಿಕೆಗಳ ಹೊಸ ಕಟ್ಟು ಬಂತು.

ಆ ಕಟ್ಟಿನ ನಡುವೆ ಅವನು ಕೂತಿದ್ದಾಗಲೇ ಒಂದು ಸಂಜೆ ಪಿಳ್ಳಮ್ಮ ಬಂದು ಹೊಸ್ತಿಲ ಮೇಲೆ ಕೂತಳು. ಅತ್ತಿಬೆಲೆಯಲ್ಲಿ ಹಿಟ್ಟಿನ ಗಿರಣಿ ನಡೆಸುವ ಚಿನ್ನಪ್ಪ ಎಂಬಾತನ ಹೆಂಡತಿ ತೀರಿಕೊಂಡು ವರ್ಷವಾಗಿತ್ತು. ನಲವತ್ತು ವರ್ಷ, ಎರಡು ಮಕ್ಕಳು. ಸಂಬಂಧಿಕರ ಕಡೆಯಿಂದ ಮಾತು ಬಂದಿತ್ತು.

"ಉಗಾದಿ ಕಳೆದು ಬುಧವಾರ ನೋಡಕ್ಕೆ ಬತ್ತೀವಿ ಅಂತ ಏಳಿ ಕಳಿಸವ್ರೆ. ಏನ್ ಏಳಾನ?" ಎಂದಳು.

ಲಕ್ಷ್ಮಣಪ್ಪ ಒಬ್ಬ ಹುಡುಗನ ಅಂಕ ಕೂಡುತ್ತಿದ್ದ. ಕೂಡಿಸಿದ್ದು ಎರಡು ಸಲ ತಪ್ಪಿತ್ತು. ತಲೆಯೆತ್ತದೆ, "ಹೂಂ, ಬರಲಿ" ಎಂದ.

ಮುದುಕಿಗೆ ಸಮಾಧಾನವಾಯಿತು. ಮಗ ಒಪ್ಪಿದ ಎಂದು ಮರುದಿನವೇ ಬರಹೇಳಿ ಕಳಿಸಿದಳು. ಆ ಬುಧವಾರವೇ ಇಂಗ್ಲಿಷ್ ಪೇಪರು ಎಂಬುದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದವನಿಗೆ ಕೇಳಿಸಿರಲಿಲ್ಲ.

ಯುಗಾದಿಯ ದಿನ ಭಾಗ್ಯಮ್ಮ ಹೋಳಿಗೆ ಮಾಡಿದಳು. ಎಲ್ಲರೂ ಒಟ್ಟಿಗೆ ಕೂತು ಉಂಡರು. ಲಕ್ಷ್ಮಣಪ್ಪನಿಗೆ ದೊಡ್ಡಬಳ್ಳಾಪುರದ ಕೇಂದ್ರದಲ್ಲಿ ಪರೀಕ್ಷೆಯ ಕೊಠಡಿ ಕಾಯುವ ಡ್ಯೂಟಿ ಬಿದ್ದಿತ್ತು. ದಿನವೂ ಬೆಳಿಗ್ಗೆ ಆರು ಗಂಟೆ ಬಸ್ಸಿಗೆ ಹೋಗಬೇಕು. ಮಂಗಳವಾರ ಸಂಜೆ ಬಂದವನು ತಂಗಿಯನ್ನು ಕರೆದು, ಪ್ರಶ್ನೆ ಎರಡು ಸಲ ಓದು, ಮೊದಲು ಪತ್ರ ಬರಿ, ಖಾಲಿ ಮಾತ್ರ ಬಿಡಬೇಡ ಎಂದು ಹೇಳಿದ. ತನ್ನ ಜೇಬಿನಲ್ಲಿದ್ದ ಒಳ್ಳೆಯ ಪೆನ್ನನ್ನು ತೆಗೆದು ಕೊಟ್ಟ. ಅವಳು ಅದನ್ನು ಕಣ್ಣಿಗೊತ್ತಿಕೊಂಡಳು.

ನಾಳೆ ಅತ್ತಿಬೆಲೆಯವರು ಬರುತ್ತಾರೆಂದು ಪಿಳ್ಳಮ್ಮ ಮಗಳಿಗೆ ಹೇಳಿದ್ದು ಅದಾದ ಮೇಲೆ, ಹಿತ್ತಲಿನಲ್ಲಿ.

"ನಾಳೆ ನನಗೆ ಪರೀಕ್ಷೆ ಕಣಮ್ಮ."

"ನಿಮ್ಮಣ್ಣನೇ ಬರಲಿ ಅಂದವ್ನೆ. ಮಧ್ಯಾನದ ಮ್ಯಾಕೆ ತಾನೆ ಅವರು ಬರಾದು. ನೀನು ಬರ್ಕೊಂಡು ಬಾ."

ಅಣ್ಣನಿಗೆ ಗೊತ್ತಿದೆ ಎಂದ ಮೇಲೆ ನಾಗಲಕ್ಷ್ಮಿ ಮತ್ತೆ ಅವನನ್ನು ಕೇಳಲಿಲ್ಲ. ಪರೀಕ್ಷೆ ಮುಗಿಯುವುದು ಹನ್ನೆರಡೂವರೆಗೆ. ಎರಡು ಗಂಟೆಗೆ ಮನೆಯಲ್ಲಿರಬಹುದು ಎಂದುಕೊಂಡಳು.

ಬುಧವಾರ ಬೆಳಿಗ್ಗೆ ಅವಳು ತಲೆಗೆ ನೀರು ಹಾಕಿಕೊಂಡು, ಬಿಳಿ ಮೇಲೆ ನೀಲಿ ಹೂವಿದ್ದ ಸೀರೆಯುಟ್ಟು, ಹಾಲ್ ಟಿಕೆಟ್ಟು ಪೆನ್ನು ಹಿಡಿದು ಸಿದ್ಧಳಾದಳು. ಯಶವಂತಪುರದ ಕೇಂದ್ರಕ್ಕೆ ಎಂಟೂಕಾಲರ ಬಸ್ಸು. ಭಾಗ್ಯಮ್ಮ ಉಪ್ಪಿಟ್ಟು ತಟ್ಟೆಗೆ ಹಾಕಿದ್ದಳು. ನಾಗಲಕ್ಷ್ಮಿ ಇನ್ನೂ ಎರಡು ತುತ್ತು ತಿಂದಿರಲಿಲ್ಲ, ಅಂಗಳದಲ್ಲಿ ಮಾತು ಕೇಳಿಸಿತು.

ಏಳು ಜನ ಬಂದಿದ್ದರು. ಮಧ್ಯಾಹ್ನ ಹನ್ನೆರಡರಿಂದ ಒಂದೂವರೆಯವರೆಗೆ ರಾಹುಕಾಲ, ಅದಾದ ಮೇಲೂ ಗಳಿಗೆ ಸರಿಯಿಲ್ಲ, ಅದಕ್ಕೇ ಬೆಳಿಗ್ಗೆಯೇ ಬಂದುಬಿಟ್ಟೆವು ಎಂದು ಅವರಲ್ಲಿ ಹಿರಿಯಳಾದ ಚಿನ್ನಪ್ಪನ ಸೋದರತ್ತೆ ಹೇಳಿದಳು. ಭಾಗ್ಯಮ್ಮ ಚಾಪೆ ಹಾಸಿ ನೀರು ಕೊಟ್ಟು ಒಳಗೆ ಓಡಿಬಂದಳು.

"ಅತ್ತೆ, ಇವಳು ಹಿಂದಲ ಬಾಗಿಲಿಂದ ಹೊರಡಲಿ. ಪರೀಕ್ಷೆ ಇದೆ ಅಂತ ನಾನೇ ಅವರಿಗೆ ಹೇಳ್ತೀನಿ."

"ಓದೋ ಎಣ್ಣು, ಕೆಲಸಕ್ಕೋಗೋ ಎಣ್ಣು ಅಂತ ಅವರು ಎದ್ದೋದ್ರೆ?" ಪಿಳ್ಳಮ್ಮ ಮಗಳ ತೋಳು ಹಿಡಿದಳು. "ಒಂದತ್ತು ನಿಮಿಷ ಕೂತು ಓಗು ತಾಯಿ. ನಾನು ಕಣ್ಣು ಮುಚ್ಚೋದ್ರಾಗೆ ಒಂದು ದಾರಿ ಆಗ್ಲಿ."

ನಾಗಲಕ್ಷ್ಮಿ ಅತ್ತಿಗೆಯ ಮುಖ ನೋಡಿದಳು. ಭಾಗ್ಯಮ್ಮ ಇನ್ನೊಂದು ಮಾತು ಆಡಬಹುದಿತ್ತು. ಆದರೆ ಆಡಿದರೆ, ನಾದಿನಿಗೆ ಬಂದ ಸಂಬಂಧ ಸೊಸೆಯೇ ಕೆಡಿಸಿದಳು ಎಂಬ ಮಾತು ಬದುಕಿರುವವರೆಗೆ ತನ್ನ ಮೇಲಿರುತ್ತದೆ ಎಂದು ಅವಳಿಗೆ ತೋರಿತು. ಅವಳು ಕಾಫಿಗೆ ನೀರಿಡಲು ತಿರುಗಿದಳು.

ನಾಗಲಕ್ಷ್ಮಿ ಕಾಫಿಯ ತಟ್ಟೆ ಹಿಡಿದು ಹೊರಗೆ ಹೋದಳು. ಸೋದರತ್ತೆ ಅವಳನ್ನು ಎದುರಿಗೆ ಕೂರಿಸಿಕೊಂಡು ಒಂದೊಂದೇ ಕೇಳಿದಳು. ಅಪ್ಪನ ಸೇವೆ ಮಾಡಿದ್ದು ನಿಜವೇ, ಎಷ್ಟು ವರ್ಷ, ರಾಗಿ ಬೀಸಲು ಬರುತ್ತದೆಯೇ, ಮಕ್ಕಳನ್ನು ಕಂಡರೆ ಹೇಗೆ. ರಸ್ತೆಯ ಕಡೆಯಿಂದ ಎಂಟೂಕಾಲರ ಬಸ್ಸಿನ ಹಾರನ್ ಕೇಳಿಸಿತು. ಎಂಟೂಮುಕ್ಕಾಲಿಗೆ ಇನ್ನೊಂದಿತ್ತು. ಅದನ್ನು ಹಿಡಿದರೂ ಕಷ್ಟಪಟ್ಟು ತಲುಪಬಹುದಿತ್ತು. ಅವಳ ಎಡಗೈಯಲ್ಲಿ ಪೆನ್ನು ಹಾಗೆಯೇ ಇತ್ತು. ಸೋದರತ್ತೆಯ ಹಿಂದೆ ಕೂತಿದ್ದ ಚಿನ್ನಪ್ಪ ಅದನ್ನು ನೋಡಿದ.

"ಎಲ್ಲಿಗಾದ್ರೂ ಹೊರಟಿದ್ರಾ?" ಎಂದು ಕೇಳಿದ.

ಪಕ್ಕದಲ್ಲಿ ಕೂತಿದ್ದ ಪಿಳ್ಳಮ್ಮ ಮಗಳ ಸೆರಗಿನ ತುದಿಯನ್ನು ಬೆರಳಲ್ಲಿ ಹಿಡಿದುಕೊಂಡಿದ್ದಳು.

"ಇಲ್ಲ" ಎಂದಳು ನಾಗಲಕ್ಷ್ಮಿ.

ಲಕ್ಷ್ಮಣಪ್ಪ ದೊಡ್ಡಬಳ್ಳಾಪುರದಿಂದ ಬರುವಾಗ ನಾಲ್ಕು ಗಂಟೆಯಾಗಿತ್ತು. ಜೇಬಿನಲ್ಲಿ ಇಂಗ್ಲಿಷ್ ಪ್ರಶ್ನೆಪತ್ರಿಕೆ ಮಡಿಸಿ ಇಟ್ಟುಕೊಂಡಿದ್ದ. ಉದ್ಯೋಗಕ್ಕೆ ಅರ್ಜಿ ಬರೆಯುವುದೇ ಬಂದಿತ್ತು. ಬಸ್ಸಿನಲ್ಲಿ ಇಡೀ ದಾರಿ ಅವನು ಅದನ್ನೇ ನೆನೆದು ಸಂತೋಷಪಟ್ಟಿದ್ದ. ಅಂಗಳದಿಂದಲೇ, "ನಾಗು, ನೋಡಿದ್ಯಾ? ಹೇಳಿಕೊಟ್ಟಿದ್ದೇ ಬಂತು" ಎನ್ನುತ್ತ ಒಳಗೆ ಬಂದ.

ನಾಗಲಕ್ಷ್ಮಿ ಬಚ್ಚಲ ಹತ್ತಿರ ಲೋಟ ತಟ್ಟೆಗಳ ರಾಶಿ ಮುಂದಿಟ್ಟುಕೊಂಡು ಬೂದಿ ಹಾಕಿ ಉಜ್ಜುತ್ತಿದ್ದಳು. ಅವನು ಪ್ರಶ್ನೆಪತ್ರಿಕೆ ಚಾಚಿದ. ಕೈ ಒದ್ದೆ ಎಂದಳು. ಆಮೇಲೆ, ಹೋಗಲಿಲ್ಲ ಎಂದಳು.

ಮನೆಯಲ್ಲಿ ಅಂಥ ಜಗಳ ಹನುಮಯ್ಯ ಬದುಕಿದ್ದಾಗಲೂ ಆಗಿರಲಿಲ್ಲ. ಲಕ್ಷ್ಮಣಪ್ಪ ತಾಯಿಯ ಮೇಲೆ ಕೂಗಿದ, ಹೆಂಡತಿಯ ಮೇಲೆ ಕೂಗಿದ. ಮೂರು ತಿಂಗಳ ಕೆಲಸ ಒಂದು ಬೆಳಿಗ್ಗೆಯಲ್ಲಿ ಹಾಳು ಮಾಡಿದಿರಿ, ನನ್ನನ್ನು ಒಂದು ಮಾತು ಕೇಳಬಾರದಾಗಿತ್ತೇ ಎಂದ.

"ಕೇಳಿದ್ನಲ್ಲಪ್ಪ" ಎಂದಳು ಪಿಳ್ಳಮ್ಮ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಇದೇ ಒಸ್ತಿಲ ಮ್ಯಾಲೆ ಕೂತು, ಬುಧವಾರ ಬತ್ತಾರಂತೆ ಅಂದೆ. ಹೂಂ ಬರ್ಲಿ ಅಂದೆ ನೀನು. ಕೆಂಪು ಸಾಯೀಲಿ ಬರೀತಾ ಇದ್ದೆ."

ಅವನಿಗೆ ನೆನಪಾಗಲಿಲ್ಲ. ಅಂಕ ಎರಡು ಸಲ ತಪ್ಪಿದ ಹುಡುಗನ ಹೆಸರು ಮಾತ್ರ ನೆನಪಾಯಿತು. ಗೋಡೆಗೆ ಒರಗಿ ಕೂತ. ಭಾಗ್ಯಮ್ಮ ಅಳುತ್ತಿದ್ದಳು.

ಸ್ವಲ್ಪ ಹೊತ್ತಾದ ಮೇಲೆ ಅವನು ಎದ್ದು ಬಚ್ಚಲ ಹತ್ತಿರ ಹೋದ.

"ಅವರು ಕೇಳಿದಾಗ ಇಲ್ಲ ಅಂದ್ಯಂತೆ. ಯಾಕಮ್ಮ?"

"ಅಮ್ಮ ನಡುಗ್ತಿದ್ಲು ಅಣ್ಣ. ಸೆರಗಿಗೆ ಗೊತ್ತಾಗ್ತಿತ್ತು."

"ಅಕ್ಟೋಬರಲ್ಲಿ ಕಟ್ಟೋಣ. ರಜೆಯಲ್ಲಿ ದಿನವೆಲ್ಲ ಕೂರಿಸಿಕೊಂಡು ಹೇಳಿಕೊಡ್ತೀನಿ."

"ಹೊಸ ಷೆಡ್ಡಿಗೆ ಜುಲೈಗೇ ತಗೋತಾರೆ" ಎಂದಳು. ಒಂದು ತಟ್ಟೆ ತೊಳೆದು ಬೋರಲು ಹಾಕಿದಳು. "ಅಕ್ಟೋಬರಿಗೆ ನಿನಗೆ ಅರ್ಧವಾರ್ಷಿಕ ಪರೀಕ್ಷೆ ಬರುತ್ತೆ."

ಅವಳು ಚುಚ್ಚಲೆಂದು ಹೇಳಿದ್ದಲ್ಲ. ಇದ್ದದ್ದನ್ನು ಹೇಳಿದ್ದಳು. ಅದನ್ನೇ ಅವನಿಗೆ ತಡೆಯಲಾಗಲಿಲ್ಲ.

ಮೂರು ದಿನಕ್ಕೆ ಅತ್ತಿಬೆಲೆಯವರಿಂದ ಒಪ್ಪಿಗೆಯ ಮಾತು ಬಂತು. ಬೇಡವೆಂದು ಹೇಳಿ ಕಳಿಸುತ್ತೇನೆ ಎಂದು ಲಕ್ಷ್ಮಣಪ್ಪ ಎದ್ದು ನಿಂತ. ನಾಗಲಕ್ಷ್ಮಿಯೇ ತಡೆದಳು. ಆ ಮನುಷ್ಯ ಒಳ್ಳೆಯವನ ಹಾಗೆ ಕಂಡ, ಮಕ್ಕಳು ಚಿಕ್ಕವು, ಅಮ್ಮನಿಗೂ ನೆಮ್ಮದಿ ಎಂದು, ಇನ್ನೊಬ್ಬರ ಮನೆಯ ವಿಷಯ ಹೇಳುವಂತೆ ಹೇಳಿದಳು. ಅನುಸೂಯಮ್ಮ ಬಂದು ಹಿತ್ತಲಿನಲ್ಲಿ ಅವಳೊಡನೆ ಬಹಳ ಹೊತ್ತು ಮಾತಾಡಿದಳು. ಹೋಗುವಾಗ ಭಾಗ್ಯಮ್ಮನ ಕಡೆ ನೋಡಿ, ಅವಳು ಮನಸ್ಸು ಬದಲಿಸುವುದಿಲ್ಲ ಎಂಬಂತೆ ತಲೆಯಾಡಿಸಿದಳು.

ಹತ್ತನೇ ತಾರೀಕು ಲಕ್ಷ್ಮಣಪ್ಪ ಶಾಲೆಯ ಗೋಡೆಗೆ ರಿಸಲ್ಟು ಹಚ್ಚಿಸಿದ. ಅವನ ಪಟ್ಟಿಗಳಲ್ಲಿ ಒಂದು ತಪ್ಪೂ ಇರಲಿಲ್ಲ. ಹೆಡ್ಮಾಸ್ಟರು ಭುಜ ತಟ್ಟಿ, ಇನ್ನು ಹಾಯಾಗಿ ರಜಾ ಕಳೀರಿ ಎಂದರು. ಮಾರನೆಯ ಬೆಳಿಗ್ಗೆ ಅವನು ಎದ್ದಾಗ ಮಾಡಲು ಏನೂ ಇರಲಿಲ್ಲ. ಸ್ನಾನ ಮಾಡಿ, ನಡುಮನೆಗೆ ಬಂದು ಕೂತ. ನಾಗಲಕ್ಷ್ಮಿ ತಾಯಿಯ ಜೊತೆ ಸೀರೆ ತರಲು ಚಿಕ್ಕಪೇಟೆಗೆ ಹೊರಟಿದ್ದಳು.

ಮೇ ತಿಂಗಳ ನಡುವೆ ಮದುವೆಯಾಯಿತು. ಧಾರೆ ಮುಗಿದು ಊಟದ ಎಲೆ ಹಾಕುವ ಹೊತ್ತಿನಲ್ಲಿ ಚಿನ್ನಪ್ಪ ಬಾವಮೈದುನನ ಪಕ್ಕ ಬಂದು ನಿಂತ. ಅವನಿಗೆ ಯಾರೋ ಆ ದಿನದ ಸಂಗತಿ ಹೇಳಿದ್ದರು.

"ಪರೀಕ್ಷೆ ಇತ್ತಂತೆ. ಗೊತ್ತಿದ್ರೆ ನಾನೇ ಕರ್ಕೊಂಡೋಗಿ ಬಸ್ ಹತ್ತಿಸ್ತಿದ್ದೆ ಮೇಷ್ಟ್ರೇ. ಇನ್ನೊಂದು ದಿನ ಬಂದ್ರೆ ನಮಗೇನು ಆಗ್ತಿತ್ತು?" ಎಂದ.

ಲಕ್ಷ್ಮಣಪ್ಪ ಅವನ ಕೈ ಹಿಡಿದುಕೊಂಡು ಊಟಕ್ಕೆ ಕರೆದುಕೊಂಡು ಹೋದ.

ಮದುವೆಯಾಗಿ ವಾರ ಕಳೆಯುವುದರೊಳಗೆ ಪಿಳ್ಳಮ್ಮ ಹಾಸಿಗೆ ಹಿಡಿದಳು. ದೊಡ್ಡ ಕಾಯಿಲೆಯೇನಲ್ಲ, ನಿಶ್ಶಕ್ತಿ ಎಂದರು ಡಾಕ್ಟರು. ಎತ್ತಿ ಕೂರಿಸಲು ಮಗಳೇ ಬೇಕು ಎನ್ನುತ್ತಿದ್ದಳು, ಆಮೇಲೆ ತಾನೇ ನೆನಪು ಮಾಡಿಕೊಂಡು ಸೊಸೆಯ ಕಡೆ ಕೈ ಚಾಚುತ್ತಿದ್ದಳು. ಭಾಗ್ಯಮ್ಮ ಅತ್ತೆಗೆ ಗಂಜಿ ಕುಡಿಸಿ, ಮುದ್ದೆ ತೊಳಸಿ, ಮಕ್ಕಳಿಗೆ ಸ್ನಾನ ಮಾಡಿಸುವಷ್ಟರಲ್ಲಿ ಬೆವರಿ ಹೋಗುತ್ತಿದ್ದಳು. ಆಗ ಲಕ್ಷ್ಮಣಪ್ಪ ನೀರು ಸೇದಿ ಕೊಡಲು ಶುರುಮಾಡಿದ. ಮೊದಮೊದಲು ಹಗ್ಗ ಅಂಗೈ ಕೊಯ್ಯುತ್ತಿತ್ತು.

ಸ್ಕೂಲು ಶುರುವಾದ ಎರಡನೇ ಶನಿವಾರ ಮಧ್ಯಾಹ್ನಕ್ಕೆ ಬಿಟ್ಟಿತು. ಅವನು ಮನೆಗೆ ಹೋಗದೆ ಮಾರ್ಕೆಟ್ಟಿಗೆ ಬಂದು, ಹೊಸೂರು ರಸ್ತೆಯ ಬಸ್ಸು ಹತ್ತಿ ಅತ್ತಿಬೆಲೆಗೆ ಹೋದ. ಗಿರಣಿ ಓಡುತ್ತಿತ್ತು. ನಾಗಲಕ್ಷ್ಮಿ ಗಿರಣಿಯ ಬಾಗಿಲಲ್ಲಿ ಕೂತು ಹಿಟ್ಟಿನ ಡಬ್ಬಗಳಿಗೆ ಸೀಮೆಸುಣ್ಣದಲ್ಲಿ ಹೆಸರು ಬರೆಯುತ್ತಿದ್ದಳು. ಹುಬ್ಬಿನ ಮೇಲೆಲ್ಲ ಹಿಟ್ಟು ಕೂತಿತ್ತು. ಅವನನ್ನು ಕಂಡು ಎದ್ದು ನಕ್ಕಳು. ಒಳಗೆ ಕರೆದುಕೊಂಡು ಹೋಗಿ ಅನ್ನ, ಹುರುಳಿ ಸಾರು ಬಡಿಸಿದಳು. ಗಂಡ ಒಳ್ಳೆಯವನು, ಕುಡಿಯುವುದಿಲ್ಲ, ಕೈ ಎತ್ತುವುದಿಲ್ಲ ಎಂದಳು. ದೊಡ್ಡ ಹುಡುಗಿ ಇನ್ನೂ ಅಮ್ಮ ಎನ್ನುವುದಿಲ್ಲ, ಚಿಕ್ಕದು ಅನ್ನುತ್ತದೆ. ಅತ್ತಿಗೆ ಹೇಗಿದ್ದಾಳೆ, ಅಮ್ಮ ಎದ್ದು ಓಡಾಡುತ್ತಾಳಾ ಎಂದು ಕೇಳಿದಳು.

ಉಂಡು ಕೈ ತೊಳೆದ ಮೇಲೆ ಅವನು ಮೆಲ್ಲಗೆ ಮಾತು ತೆಗೆದ. ಅಕ್ಟೋಬರಿನ ಪರೀಕ್ಷೆಗೆ ಅರ್ಜಿ ಬಂದಿದೆ, ತಂದಿದ್ದೇನೆ, ಪ್ರತಿ ಶನಿವಾರ ತಾನೇ ಬಂದು ಹೇಳಿಕೊಡುತ್ತೇನೆ ಎಂದ. ಚಿನ್ನಪ್ಪನೂ ಬೇಡ ಅನ್ನುವುದಿಲ್ಲ, ಕೇಳಿದ್ದೇನೆ ಎಂದ.

ನಾಗಲಕ್ಷ್ಮಿ ಅರ್ಜಿಯನ್ನು ತೆಗೆದುಕೊಂಡಳು. ಬೆರಳ ಹಿಟ್ಟು ತಾಗದಂತೆ ಅಂಚು ಹಿಡಿದು ಪೂರ್ತಿ ಓದಿದಳು. ಇಂಗ್ಲಿಷಿನಲ್ಲಿತ್ತು, ಎಲ್ಲವೂ ಅರ್ಥವಾದ ಹಾಗೆ ಕಂಡಿತು. ಮಡಿಸಿ ಅವನ ಕೈಗೇ ಕೊಟ್ಟಳು.

"ಬೇಡ ಅಣ್ಣ. ಆಗ ಕಾಯ್ತಿದ್ದೆ. ಈಗ ಕಾಯಕ್ಕೆ ಆಗಲ್ಲ."

ರಸ್ತೆಯವರೆಗೆ ಅವನ ಜೊತೆ ಬಂದಳು. ಬಸ್ಸು ತಡವಾಗಿತ್ತು. ತಮಿಳುನಾಡಿನ ಕಡೆಯಿಂದ ಲಾರಿಗಳು ಒಂದರ ಹಿಂದೊಂದು ಬಂದು ಚೆಕ್‌ಪೋಸ್ಟಿನಲ್ಲಿ ನಿಲ್ಲುತ್ತಿದ್ದವು. ಇಬ್ಬರೂ ಅದನ್ನು ನೋಡುತ್ತ ನಿಂತರು. ಅವಳು, ಒಲೆ ಮೇಲೆ ಹಾಲಿಟ್ಟು ಬಂದಿದ್ದೀನಿ, ಮಕ್ಕಳು ಆಟ ಮುಗಿಸಿ ಬರೋ ಹೊತ್ತಾಯ್ತು, ಹೋಗಲಾ ಎಂದು ಕೇಳಿದಳು. ಹೋಗಮ್ಮ ಎಂದ. ಅವಳು ಸೆರಗು ಸಿಕ್ಕಿಸಿಕೊಂಡು ಬೇಗಬೇಗ ನಡೆದು ಗಿರಣಿಯ ಸಂದಿಯಲ್ಲಿ ತಿರುಗಿದಳು.

ಬಸ್ಸು ಬಂದದ್ದು ಅದಾಗಿ ಮುಕ್ಕಾಲು ಗಂಟೆಗೆ. ಅಲ್ಲಿಯವರೆಗೆ ಅವನು ಕೂರದೆ, ಅವಳು ತಿರುಗಿದ ಕಡೆಯೇ ನೋಡುತ್ತ ನಿಂತಿದ್ದ.